ಮೂವತ್ತೇಳನೆಯ ಫೋಟೋ

ರೀಲು ತೊಳೆಯುವ ಅಂಗಡಿಯವನು ಹೇಳದೆ ಕೇಳದೆ ತನ್ನ ಹಳೆಯ ಮೆಷಿನ್ನನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಜೆರಾಕ್ಸ್ ಮೆಷಿನ್ ತಂದು ಕೂರಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಶನಿವಾರ ಸಂಜೆ ಹೊಸ ರೀಲು ಕೊಳ್ಳಲು ಹೋದ ರೀಲುರಾಯರಿಗೆ ಅವನು, ಇನ್ನು ಮೇಲೆ ರೀಲೂ ಇಲ್ಲ, ತೊಳೆಯುವುದೂ ಇಲ್ಲ, ಕಾಗದಪತ್ರ ಏನಾದರೂ ಇದ್ದರೆ ಕೊಡಿ, ಎರಡೂ ಬದಿ ಜೆರಾಕ್ಸ್ ಮಾಡಿಕೊಡುತ್ತೇನೆ ಎಂದ. ರಾಯರು ಬರಿಗೈಯಲ್ಲಿ ಮನೆಗೆ ಬಂದರು. ಮರುದಿನ ಭಾನುವಾರ. ಮೊದಲ ಮಹಡಿಯ ಹೆಡ್ ಮೇಡಂಗೆ ಎಂಬತ್ತು ತುಂಬುವ ದಿನ. ನಾಲ್ಕು ಗಂಟೆಗೆ ಕಟ್ಟಡದ ಹಿಂದಿನ ಅಂಗಳದಲ್ಲಿ ಕೇಕು, ಟೀ. ಫೋಟೋ ತೆಗೆಯುವವರು ಯಾರು ಎಂದು ಬೇರೆ ಕೇಳಬೇಕೇ?

ರೀಲುರಾಯರಿಗೆ ಬೇರೆ ಹೆಸರಿತ್ತು. ಅದು ನೀರಿನ ಬಿಲ್ಲಿನ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಹನ್ನೆರಡು ಮನೆಗಳ ಆ ಕಟ್ಟಡದಲ್ಲಿ ಇಪ್ಪತ್ತೆಂಟು ವರ್ಷದಿಂದ ಯಾರ ಮನೆಯಲ್ಲಿ ಏನು ನಡೆದರೂ ರಾಯರು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಹಾಜರಾಗುತ್ತಿದ್ದರು. ಕರೆಯಲೇಬೇಕೆಂಬ ಹಟವೇನೂ ಅವರಿಗಿರಲಿಲ್ಲ. ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿ ಹೊರಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಎರಡು ಹೆಜ್ಜೆ ಮುಂದೆ ನಡೆದು, ಗದ್ದ ಸ್ವಲ್ಪ ಮೇಲೆ, ಹಾಂ, ಭೇಷ್ ಎನ್ನುತ್ತ ಅವರು ಬಟನ್ ಒತ್ತುವುದನ್ನು ನೋಡಿದರೆ ಯಾರಿಗಾದರೂ ನಿಂತುಕೊಳ್ಳೋಣ ಅನಿಸುತ್ತಿತ್ತು. ಹೀಗೆ ಹಿಂದೆ ನಡೆಯುತ್ತ ನಡೆಯುತ್ತ ಅವರು ಒಮ್ಮೆ ಹೂಕುಂಡದ ಮೇಲೂ ಒಮ್ಮೆ ಮಲಗಿದ್ದ ನಾಯಿಯ ಮೇಲೂ ಕೂತಿದ್ದರು.

ಆದರೆ ರಾಯರ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಒಂದು ರೀಲಿಗೆ ಮೂವತ್ತಾರು ಫೋಟೋ. ರೀಲು ಮುಗಿಯುತ್ತದೆ, ಜನ ಮುಗಿಯುವುದಿಲ್ಲ. ನಮ್ಮದೊಂದು, ನಮ್ಮದೊಂದು ಎಂದು ಸಾಲು ನಿಂತೇ ಇರುತ್ತದೆ. ಎರಡನೆಯ ರೀಲು ಹಾಕುವಷ್ಟು ಸಂಬಳ ಅವರಿಗೆ ಯಾವ ಕಾಲದಲ್ಲೂ ಇರಲಿಲ್ಲ, ಇಲ್ಲ ಎನ್ನುವಷ್ಟು ಗಟ್ಟಿ ಮನಸ್ಸೂ ಇರಲಿಲ್ಲ. ಆದ್ದರಿಂದ ಮೂವತ್ತಾರಾದ ಕೂಡಲೇ ಅವರು ಮೆಟ್ಟಿಲ ಕೆಳಗಿನ ಮೂಲೆಗೆ ಹೋಗಿ, ರೀಲು ಸುತ್ತಿ ತೆಗೆದು ಜೇಬಿಗಿಳಿಸಿ, ವಾಪಸು ಬಂದು ಖಾಲಿ ಕ್ಯಾಮೆರಾದಲ್ಲೇ ಫ್ಲಾಶ್ ಹೊಡೆಯುತ್ತಿದ್ದರು. ಎಲ್ಲರೂ ನಗುನಗುತ್ತ ಮನೆಗೆ ಹೋಗುತ್ತಿದ್ದರು. ಅಪ್ಪಿತಪ್ಪಿ ಯಾರಾದರೂ ಆಮೇಲೆ ಕೇಳಿದರೆ ಬೆಳಕು ಬಿದ್ದು ಹಾಳಾಯಿತು ಎಂದರೆ ಮುಗಿಯಿತು. ಈ ಗುಟ್ಟನ್ನು ರಾಯರು ಹೆಂಡತಿಗೆ ಮಾತ್ರ ಹೇಳಿದ್ದರು.

ಈ ಖಾಲಿ ಫ್ಲಾಶಿನ ಬೆಳಕು ಎಲ್ಲರಿಗಿಂತ ಹೆಚ್ಚಾಗಿ ಬಿದ್ದದ್ದು ಹೆಡ್ ಮೇಡಂ ಮುಖದ ಮೇಲೆ. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದ ಅವರು ಯಾವ ಸಮಾರಂಭಕ್ಕೂ ಬೇಗ ಬಂದವರಲ್ಲ. ತಲೆ ಬಾಚಿ, ಕನ್ನಡಕ ಒರೆಸಿ, ಶಾಲು ಸರಿಮಾಡಿಕೊಂಡು ಅವರು ಮೆಟ್ಟಿಲಿಳಿಯುವಷ್ಟರಲ್ಲಿ ರೀಲು ಜೇಬು ಸೇರಿರುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ಆದರೂ ಅವರು ಪ್ರತಿಸಲವೂ ಬಂದು, ಎದೆ ಮುಂದೆ ಮಾಡಿ, ಗಂಭೀರವಾಗಿ ನಿಲ್ಲುತ್ತಿದ್ದರು. ರಾಯರಿಗೆ ಇದೊಂದು ಒಳಗೊಳಗೇ ಕೊರೆಯುತ್ತಿತ್ತು. ಸಾಯುವುದರೊಳಗೆ, ಅಂದರೆ ಅವರಾಗಲಿ ತಾವಾಗಲಿ ಸಾಯುವುದರೊಳಗೆ, ಮೇಡಮ್ಮಿನ ಒಂದು ನಿಜವಾದ ಫೋಟೋ ತೆಗೆದು ಕೈಯಲ್ಲಿಡಬೇಕು ಎಂದು ಆಸೆ.

ಭಾನುವಾರ ಬೆಳಿಗ್ಗೆ ಡಿಜಿಟಲ್ ಕ್ಯಾಮೆರಾ ತರುತ್ತೇನೆ ಎಂದು ಹೊರಟಾಗ ಹೆಂಡತಿ ಅಡ್ಡ ಬಂದರು.

"ಇರೋದ್ರಲ್ಲೇ ತೆಗೀರಿ. ಅದಕ್ಕೇನಾಗಿದೆ?"

"ರೀಲೇ ಇಲ್ವಲ್ಲೇ."

"ಇಲ್ದಿದ್ರೆ ಏನೀಗ?" ಎಂದರು ಹೆಂಡತಿ, ಸಾರಿಗೆ ಉಪ್ಪಿಲ್ಲದಿದ್ದರೆ ಏನೀಗ ಎನ್ನುವಷ್ಟು ಸಲೀಸಾಗಿ. ರಾಯರು ಚಪ್ಪಲಿ ಮೆಟ್ಟಿದರು.

ಕೆಳಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಮೆಟ್ಟಿಲಿಳಿದಿತ್ತು. ನೆಲಮಹಡಿಯ ಗಡಿಯಾರ ರಿಪೇರಿಯವರು ಅಂಗಡಿಗೆ ಬೀಗ ಹಾಕಿ ಕಾಯುತ್ತಿದ್ದರು. ಪಕ್ಕದಲ್ಲಿ ಮೂರನೆಯ ಮಹಡಿಯ ಬಸ್ ಕಂಡಕ್ಟರು. ಈ ಕಂಡಕ್ಟರು ಗ್ರೂಪ್ ಫೋಟೋಗಳಲ್ಲಿ ರಾಯರ ಬಲಗೈ. ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ ಎಂದು ಅವರು ಜನರನ್ನು ಒತ್ತಿದರೆ ಮೂವತ್ತು ಜನ ಹತ್ತು ಜನರ ಜಾಗದಲ್ಲಿ ಹಿಡಿಯುತ್ತಿದ್ದರು. ಇಬ್ಬರೂ ಸಹಾಯಕ್ಕೆಂದು ಬಂದಿದ್ದಾರೆ ಎಂದು ರಾಯರು ಸಂತೋಷಪಟ್ಟರು. ಆದರೆ ಅಂಗಡಿಯ ದಾರಿಯುದ್ದಕ್ಕೂ ಇಬ್ಬರೂ ಬೇಡ ಎನ್ನುವುದಕ್ಕೇ ಕಾರಣ ಹುಡುಕುತ್ತಿದ್ದರು. ಹಳೆಯದಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟುಕೊಡುತ್ತೇನೆ, ಇನ್ನೂ ಮೂವತ್ತು ವರ್ಷ ಓಡುತ್ತದೆ ಎಂದರು ಗಡಿಯಾರದವರು. ಡಿಜಿಟಲ್ ಫೋಟೋ ನೋಡಿದರೆ ಕಣ್ಣಿಗೆ ಒಳ್ಳೆಯದಲ್ಲವಂತೆ ಎಂದರು ಕಂಡಕ್ಟರು. ಯಾರು ಹೇಳಿದರು ಎಂದು ಕೇಳಿದ್ದಕ್ಕೆ, ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು ಎಂದರು.

ಕ್ಯಾಮೆರಾ ಅಂಗಡಿಯ ಹುಡುಗಿ ಮೂರನ್ನು ತಂದು ಗಾಜಿನ ಮೇಲಿಟ್ಟಳು. ಮೊದಲನೆಯದು ಸೋಪಿನ ಪೆಟ್ಟಿಗೆಯಷ್ಟಿತ್ತು. ರಾಯರು ಎತ್ತಿ ಹಿಡಿದರೆ ಅವರ ಹೆಬ್ಬೆರಳೇ ಅದನ್ನು ಮುಚ್ಚಿಬಿಟ್ಟಿತು. ಎರಡನೆಯದಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೇ ಇರಲಿಲ್ಲ. ಕಣ್ಣಿಡದೆ ಫೋಟೋ ತೆಗೆಯುವುದು ಎಂದರೆ ರಾಯರಿಗೆ ಬಾಯಿಗೆ ತಾಗಿಸದೆ ಟೀ ಕುಡಿದ ಹಾಗೆ. ಮೂರನೆಯದಕ್ಕೆ ಕಿಂಡಿಯೂ ಇತ್ತು, ಗುಂಡಿ ಒತ್ತಿದರೆ ಗರ್ ಎಂದು ಮುಂದೆ ಬರುವ ಉದ್ದನೆಯ ಮೂತಿಯೂ ಇತ್ತು. ಜೂಮ್ ಎಂದರೆ ಎರಡು ಥರ, ಬರೇ ಚಿತ್ರವನ್ನು ಎಳೆದು ದೊಡ್ಡದು ಮಾಡುವುದು ಒಂದು, ಗಾಜೇ ಮುಂದೆ ಹೋಗಿ ನಿಜವಾಗಿ ಹತ್ತಿರ ತರುವುದು ಇನ್ನೊಂದು, ಇದು ಗಾಜಿನದು ಎಂದು ಹುಡುಗಿ ತಿಳಿಸಿದಳು.

ರಾಯರು ಅದನ್ನು ಬಾಗಿಲ ಕಡೆ ತಿರುಗಿಸಿ ಗುಂಡಿ ಒತ್ತಿದರು. ಎದುರು ಬೀದಿಯ ಕ್ಷೌರದಂಗಡಿ ಹತ್ತಿರ ಬಂತು, ಕುರ್ಚಿ ಬಂತು, ಕೂತವನು ಬಂದ, ಕೊನೆಗೆ ಅವನ ಕಿವಿಯ ಮೇಲಿದ್ದ ಸೋಪಿನ ನೊರೆ ಕೂಡ ಬಂತು. ಇಪ್ಪತ್ತೆಂಟು ವರ್ಷ ಕಾಲು ಮಾಡಿದ ಕೆಲಸವನ್ನು ಒಂದು ಬೆರಳು ಮಾಡಿತ್ತು. ರಾಯರಿಗೆ ಮೈ ಜುಮ್ಮೆಂದಿತು. ಕ್ಯಾಮೆರಾ ಹತ್ತಿರ ಹೋದರೆ ಮೇಡಂ ಕಂಬದ ಹಾಗೆ ಬಿಗಿಯಾಗುತ್ತಾರೆ. ಇದಾದರೆ ದೂರದಿಂದ, ಅವರಿಗೇ ತಿಳಿಯದ ಹಾಗೆ ಹಿಡಿಯಬಹುದು. ಕ್ಲಿಕ್ ಮಾಡಿದ ಮೇಲೆ ರೀಲು ಮುಂದಕ್ಕೆ ತಳ್ಳಲು ಹೆಬ್ಬೆರಳು ತಾನಾಗಿ ಹಳೆಯ ಕ್ಯಾಮೆರಾದ ಲಿವರ್ ಹುಡುಕಿತು, ಸಿಗದೆ ಗಾಳಿಯಲ್ಲೇ ತಿರುಗಿತು.

"ಇದರಲ್ಲಿ ಎಷ್ಟು ಫೋಟೋ ಹಿಡಿಯತ್ತಮ್ಮಾ?"

"ಈ ಕಾರ್ಡಲ್ಲಿ ಒಂದೆರಡು ಸಾವಿರ ಆಗತ್ತೆ ಸರ್."

ರಾಯರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಎರಡು ಸಾವಿರಾನಾ ಎಂದು ಕಂಡಕ್ಟರು ನಿಧಾನವಾಗಿ ಕೇಳಿದರು. ಅಷ್ಟು ಜನ ಒಟ್ಟಿಗೇ ತಮ್ಮ ಬಸ್ಸು ಹತ್ತಿದ ಹಾಗೆ ಅವರ ಮುಖ ಸಪ್ಪಗಾಗಿತ್ತು. ಗಡಿಯಾರದವರು ಕೊನೆಯ ಪ್ರಯತ್ನವಾಗಿ ಸೋಪಿನ ಪೆಟ್ಟಿಗೆಯನ್ನೇ ತಗೊಳ್ಳಿ, ಅದರಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲವಂತೆ ಎಂದರು. ರಾಯರು ಆಗಲೇ ಮೂರನೆಯದರ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಿದ್ದರು.

ನಾಲ್ಕು ಗಂಟೆಗೆ ಅಂಗಳ ತುಂಬಿತು. ಕೇಕು ಬಂತು, ಮೇಡಂ ಮಾತ್ರ ಎಂದಿನಂತೆ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ನಾಲ್ಕು ಫೋಟೋ ಆಗಲಿ ಎಂದು ರಾಯರು ಶುರು ಮಾಡಿದರು. ಕಂಡಕ್ಟರು ಎಲ್ಲರನ್ನೂ ಒಳಗೆ ತಳ್ಳಿ ತಾವೂ ತುದಿಯಲ್ಲಿ ನಿಂತರು. ಫ್ಲಾಶ್ ಹೊಡೆಯಿತು. ಬನ್ನಿ, ಈಗಲೇ ನೋಡಿ ಎಂದು ರಾಯರು ಹೆಮ್ಮೆಯಿಂದ ಕ್ಯಾಮೆರಾದ ಬೆನ್ನು ತೋರಿಸಿದರು.

ಎಲ್ಲರೂ ಬಗ್ಗಿದರು. ಕಂಡಕ್ಟರು ತಮ್ಮ ಹೊಟ್ಟೆಯನ್ನು ಚಿತ್ರದಲ್ಲಿ ನೋಡಿ, ಆಮೇಲೆ ಮೈಮೇಲೆ ನೋಡಿಕೊಂಡು, ಮತ್ತೆ ಚಿತ್ರ ನೋಡಿದರು. ಗಡಿಯಾರದವರು ಆಕಳಿಸುತ್ತಿದ್ದರು. ಕಂಡಕ್ಟರ ಹೆಂಡತಿ, ಇದರಲ್ಲಿ ನನ್ನ ಗಂಡನ ಪಕ್ಕ ನಿಂತಿರುವ ಮುದುಕಿ ಯಾರು ಎಂದು ಕೇಳಿದರು. ಅದು ಅವರೇ.

ಇನ್ನೊಂದು ತೆಗೆದರು. ಅದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಬಂತು. ಇನ್ನೊಂದು ತೆಗೆಯುವಷ್ಟರಲ್ಲಿ ಸಾಲು ಕರಗಲು ಶುರುವಾಯಿತು. ಇಪ್ಪತ್ತೆಂಟು ವರ್ಷ ನಮ್ಮದೊಂದು ಎಂದು ತೋಳು ಹಿಡಿದು ಎಳೆಯುತ್ತಿದ್ದವರು ಇಂದು ಒಲೆಯ ಮೇಲೆ ಹಾಲಿದೆ ಎನ್ನುತ್ತ, ಕಾಲು ನೋವು ಎನ್ನುತ್ತ ಹಿಂದೆ ಸರಿದರು. ಜೂಮ್ ಇರುವಾಗ ಹಿಂದೆ ಸರಿದು ಪ್ರಯೋಜನವೇನು? ರಾಯರು ನೀರಿನ ತೊಟ್ಟಿಯ ಪಕ್ಕ ನಿಂತು, ಟೀ ಹೀರುವವರನ್ನು, ಹಲ್ಲು ಕೆದಕುವವರನ್ನು, ಗಂಡನನ್ನು ಗದರುವವರನ್ನು ಒಬ್ಬೊಬ್ಬರಾಗಿ ಹತ್ತಿರ ಎಳೆದು ಹಿಡಿದರು. ಗಡಿಯಾರದವರು ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ಅಡಗಿದರು. ಕಾಲು ಕಾಣಿಸುತ್ತಿತ್ತು, ರಾಯರು ಕಾಲನ್ನೂ ಬಿಡಲಿಲ್ಲ. ನಾಚಿಕೆ ಎಂದುಕೊಂಡರು ರಾಯರು. ಮೂವತ್ತಾರು ದಾಟಿದ್ದೇ ಅವರಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹೆಡ್ ಮೇಡಂ ಮೆಟ್ಟಿಲಿಳಿದು ಬಂದರು. ಯಾರೋ ಏನೋ ಹೇಳಿದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂತಿ ಗರ್ ಎಂದು ಮುಂದೆ ಹೋಯಿತು. ಮುಖದ ಒಂದೊಂದು ಗೆರೆ, ಇಲ್ಲದ ಎರಡು ಹಲ್ಲು, ಕಣ್ಣಿನ ತುಂಟತನ ಎಲ್ಲ ರಾಯರ ಎದುರಿಗೇ ಬಂದು ನಿಂತವು. ಅವರು ಉಸಿರು ಬಿಗಿಹಿಡಿದು ಒತ್ತಿದರು. ಇಷ್ಟು ಒಳ್ಳೆಯ ಫೋಟೋವನ್ನು ಅವರು ಜೀವಮಾನದಲ್ಲೇ ತೆಗೆದಿರಲಿಲ್ಲ. ಓಡಿಹೋಗಿ ಅದನ್ನು ಮೇಡಮ್ಮಿನ ಮುಂದೆ ಹಿಡಿದರು.

ಮೇಡಂ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಅಳಿಸು" ಎಂದರು.

ರಾಯರು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಇನ್ನು ನಿಲ್ಲಲಿಲ್ಲ. ಎಲ್ಲರ ಎದುರಿಗೇ ಹೇಳಿಬಿಟ್ಟರು. ಇದೊಂದೇ ಮೇಡಂ ನಿಮ್ಮ ನಿಜವಾದ ಫೋಟೋ, ಮೂವತ್ತಾರು ಆದಮೇಲೆ ರೀಲೇ ಇರುತ್ತಿರಲಿಲ್ಲ, ನಾನು ನಿಮ್ಮನ್ನೆಲ್ಲ ಖಾಲಿ ಕ್ಯಾಮೆರಾದ ಮುಂದೆ ನಿಲ್ಲಿಸಿ ಮೋಸ ಮಾಡಿದೆ, ಕ್ಷಮಿಸಿ ಎಂದರು. ತಲೆ ತಗ್ಗಿಸಿ, ಬರುವ ಬೈಗುಳಕ್ಕೆ ಕಾದು ನಿಂತರು.

"ಗೊತ್ತಪ್ಪಾ" ಎಂದರು ಮೇಡಂ.

"ಯಾರಿಗೆ?"

"ಎಲ್ಲರಿಗೂ."

ಗಡಿಯಾರದವರು ಬೆಡ್‌ಶೀಟಿನ ಹಿಂದಿನಿಂದ ಹೊರಬಂದು ವಿವರಿಸಿದರು. ರೀಲಿದ್ದರೆ ಬಲಗಡೆಯ ಲಿವರ್ ತಳ್ಳಿದಾಗ ಎಡಗಡೆಯ ರೀಲು ಸುತ್ತುವ ಗುಬುಟು ತಿರುಗಬೇಕು. ತಿರುಗುತ್ತಿರಲಿಲ್ಲ. ಯಂತ್ರ ನೋಡುವ ಕಣ್ಣಲ್ಲವೇ, ಮೊದಲನೆಯ ವರ್ಷವೇ ಗೊತ್ತಾಯಿತು, ಅವತ್ತು ರಾತ್ರಿಯೊಳಗೆ ಹನ್ನೆರಡು ಮನೆಗೂ ಹೇಳಿದ್ದಾಯಿತು.

"ಮತ್ತೆ ಯಾಕೆ ನಿಂತ್ಕೊಳ್ತಿದ್ರಿ?" ಎಂದರು ರಾಯರು.

"ನೀವು ಅಷ್ಟು ಆಸೆಯಿಂದ ಬರ್ತೀರಿ" ಎಂದರು ಕಂಡಕ್ಟರು ಸಂಕೋಚದಿಂದ. "ಬೇಡ ಅನ್ನೋಕೆ ಯಾರಿಗೆ ಮನಸ್ಸು ಬರತ್ತೆ ರಾಯರೇ?"

ರಾಯರು ಹೆಂಡತಿಯ ಕಡೆ ನೋಡಿದರು. ಆಕೆ ಕೇಕಿನ ತಟ್ಟೆಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸುತ್ತಿದ್ದರು.

ಮೇಡಂ ಮಾತ್ರ ತಮ್ಮ ಕಾರಣ ಬೇರೆ ಎಂದರು. "ಫೋಟೋದಲ್ಲಿ ನನ್ನ ಮುಖ ನೋಡೋಕೆ ನನಗೆ ಮೊದಲಿಂದ ಆಗಲ್ಲ. ಅದಕ್ಕೇ ಕಿಟಕೀಲಿ ನಿಂತು ನಿನ್ನ ಫ್ಲಾಶ್ ಎಣಿಸ್ತಿದ್ದೆ. ಮೂವತ್ತಾರು ಆಯ್ತು ಅಂದ್ಮೇಲೇ ಇಳಿಯೋದು. ಮೂವತ್ತೇಳನೇದಕ್ಕೆ ನಿಂತ್ರೆ ಭಯ ಇಲ್ಲ ನೋಡು. ನೀನು ಗದ್ದ ಮೇಲೆ ಅಂತೀಯ, ಭೇಷ್ ಅಂತೀಯ. ಜನ್ಮವೆಲ್ಲಾ ಮಕ್ಕಳಿಗೆ ಭೇಷ್ ಅಂದವಳು ನಾನು. ನನಗೆ ಅನ್ನೋನು ನೀನೊಬ್ಬನೇ. ಇವತ್ತೂ ಎಣಿಸಿಯೇ ಬಂದೆ. ಹೊಸದರಲ್ಲಿ ಲೆಕ್ಕ ಮುಗಿಯೋದೇ ಇಲ್ಲ ಅಂತ ಯಾರೂ ಹೇಳಲಿಲ್ಲ."

ರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ತಾವು ಇವರ ಮನಸ್ಸು ಕಾಯುತ್ತಿದ್ದೇವೆ ಎಂದುಕೊಂಡಿದ್ದರು. ಇವರೆಲ್ಲ ಸೇರಿ ಅವರ ಮನಸ್ಸು ಕಾಯುತ್ತಿದ್ದರು. ಹನ್ನೆರಡು ಮನೆಯವರೂ ಮುತ್ತಿಕೊಂಡು ಅಳಿಸಿ ಅಳಿಸಿ ಎಂದರು. ಅವರು ಒಂದೊಂದಾಗಿ ಎಲ್ಲವನ್ನೂ ಅಳಿಸಿದರು. ಮೇಡಮ್ಮಿನದನ್ನು ಕೊನೆಗೆ ಅಳಿಸಿದರು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಈಗ ಸರಿಯಾಗಿ ಒಂದು ತೆಗಿ" ಎಂದರು ಮೇಡಂ. ಹೊಸ ಕ್ಯಾಮೆರಾವನ್ನು ಅವರ ಕೊರಳಿಂದ ತೆಗೆದು, ಅಂಗಳದ ನಡುವಿನ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಭದ್ರವಾಗಿಟ್ಟುಕೊಂಡರು. ಹೆಂಡತಿ ತಮ್ಮ ಚೀಲದಿಂದ ಹಳೆಯ ಕ್ಯಾಮೆರಾ ತೆಗೆದು ಕೊಟ್ಟರು. ಬೇಕಾಗಬಹುದು ಅಂತ ತಂದೆ ಎಂದರು.

ಕಂಡಕ್ಟರು ಎಲ್ಲರನ್ನೂ ಒಳಗೆ ತಳ್ಳಿದರು. ಒಲೆಯ ಮೇಲೆ ಹಾಲಿಟ್ಟವರು, ಕಾಲು ನೋವಿನವರು ಎಲ್ಲ ವಾಪಸು ಓಡಿಬಂದರು. ರಾಯರು ಒಂದು ಕಣ್ಣು ಮುಚ್ಚಿ ನೋಡಿದರು. ಇಪ್ಪತ್ತೆಂಟು ವರ್ಷ ಹುಡುಕಿದ ಫೋಟೋ ಅಲ್ಲಿತ್ತು. ಹೊಟ್ಟೆಯ ಚಿಂತೆ ಇಲ್ಲದೆ, ಹಲ್ಲಿನ ಚಿಂತೆ ಇಲ್ಲದೆ, ಇಡೀ ಕಟ್ಟಡ ಬಾಯಿ ತುಂಬ ನಗುತ್ತಿತ್ತು. ನಟ್ಟನಡುವೆ ಮೇಡಂ ಕೈ ಅಡ್ಡ ಹಿಡಿಯದೆ ನಗುತ್ತಿದ್ದರು. ಅವರ ಮಡಿಲಲ್ಲಿ ಎರಡು ಸಾವಿರ ಫೋಟೋ ಹಿಡಿಯುವ ಹೊಸ ಕ್ಯಾಮೆರಾ ಉದ್ದನೆಯ ಮೂತಿಯನ್ನು ಒಳಗೆಳೆದುಕೊಂಡು ಕೂತಿತ್ತು. ರಾಯರು ಅದನ್ನೊಮ್ಮೆ ಆಸೆಯಿಂದ ನೋಡಿ, ಖಾಲಿ ಕ್ಯಾಮೆರಾದ ಬಟನ್ ಒತ್ತಿದರು.