ಪುಟ್ಟ ಟ್ರಾಂಬೋನಿಗೆ ಕುರ್ಚಿ ಮಂಜೂರಾದ ಬಗೆ

ನಗರಸಭೆಯ ಬ್ಯಾಂಡಿನಲ್ಲಿ ಕುರ್ಚಿಯಿಲ್ಲದವನು ಊದತಕ್ಕದ್ದಲ್ಲ. ಊದಿದರೂ ಅದನ್ನು ಸಂಗೀತವೆಂದು ಪರಿಗಣಿಸತಕ್ಕದ್ದಲ್ಲ. ಇದು ನಿಯಮ. ಒಳ್ಳೆಯ ನಿಯಮ.

ನಾನು ಓದಿದವನಲ್ಲ. ಆದರೆ ನನ್ನ ಟ್ರಾಂಬೋನ್ ಕೇಳಿ ಗೋಪುರದ ಗಡಿಯಾರ ಒಮ್ಮೆ ಹಿಂದಕ್ಕೆ ನಡೆದದ್ದುಂಟು. ಸಾಕ್ಷಿಗಳೆಲ್ಲ ಸತ್ತಿದ್ದಾರೆ, ಅದಕ್ಕೆ ನಾನೇನು ಮಾಡಲಿ.

ಟ್ರಾಂಬೋನಿಗೆ ಜಾರುಕೊಳವೆ. ದೂರ ಚಾಚಿದಷ್ಟೂ ಸ್ವರ ಇಳಿಯುತ್ತದೆ. ವಯಸ್ಸಾಗಿ ನನ್ನ ಬಲಭುಜ ಹಿಡಿದುಕೊಂಡಿತು, ಕೈ ಚಾಚದು. ಬಿಡುವುದುಂಟೇ? ಅಟ್ಟದಿಂದ ಸೊಪ್ರಾನೋ ಟ್ರಾಂಬೋನ್ ಇಳಿಸಿದೆ. ಹಿತ್ತಾಳೆ ವಾದ್ಯಗಳ ಮನೆತನದಲ್ಲಿ ಅದೊಂದು ವಿಚಿತ್ರ ಕೂಸು: ಗಾತ್ರ, ಕಂಠ, ಬಾಯಿಗಿಡುವ ಬಟ್ಟಲು ಎಲ್ಲ ಟ್ರಂಪೆಟ್ಟಿನವು, ಗುಂಡಿಗಳ ಬದಲು ಮಾತ್ರ ಪುಟ್ಟ ಜಾರುಕೊಳವೆ.

"ಹಲ್ಲು ಹೋದ್ಮೇಲೆ ಗಿಲಕಿ ಬಂತು," ಎಂದಳು ನನ್ನ ಹೆಂಡತಿ.

ಬ್ಯಾಂಡಿನ ಮುಂದಿನ ಸಾಲು ಟ್ರಂಪೆಟ್ಟುಗಳದ್ದು. ಅಲ್ಲಿಯ ಮೀಸೆಯವನು ಖಾಲಿ ಕುರ್ಚಿಯ ಮೇಲೆ ಕಾಲಿಟ್ಟ. "ಅಣ್ಣಾ, ಜಾರೋದೆಲ್ಲ ಹಿಂದೆ."

ಹಿಂದಿನ ಸಾಲಿನ ಟ್ರಾಂಬೋನ್ ದಪ್ಪಣ್ಣ ತನ್ನ ಬಟ್ಟಲು ತೋರಿಸಿದ. "ಮಾವ, ಇದ್ರಲ್ಲಿ ಮುಖ ತೊಳೀಬಹುದು. ನಿಮ್ದು ನೋಡಿ, ಕಿವಿಗೆ ಹನಿ ಬಿಡೋ ಹಾಗಿದೆ. ಮುಂದೆ ಹೋಗಿ."

ನಾನು ನಡುವಿನ ದಾರಿಯಲ್ಲಿ ನಿಂತೆ. ದಾರಿಯಲ್ಲಿ ನಿಲ್ಲುವುದು ಅಪರಾಧ. ಉದ್ಯಾನದ ಕಾರ್ಯಕ್ರಮ ಬರುವುದರೊಳಗೆ ಕುರ್ಚಿ ಸಿಗದಿದ್ದರೆ ನನ್ನನ್ನು ನಿವೃತ್ತನೆಂದು ಘೋಷಿಸುವುದಾಗಿ ವ್ಯವಸ್ಥಾಪಕರು ಬಹಳ ಪ್ರೀತಿಯಿಂದ ತಿಳಿಸಿದರು. ಊದದೆ ನಾನು ಬದುಕಲಾರೆ. ನಾನು ಹಗಲೆಲ್ಲ ಮನೆಯಲ್ಲಿದ್ದರೆ ಹೆಂಡತಿ ಬದುಕಲಾರಳು.

ವಾದ್ಯ ವರ್ಗೀಕರಣ ಸಮಿತಿ ಸೇರಿತು. ಪಕ್ಷಪಾತ ಬಾರದಿರಲೆಂದು ಸಂಗೀತದ ಗಂಧ ಇಲ್ಲದವರನ್ನೇ ಆರಿಸಿದ್ದರು. ಕೊಳವೆ ಎಳೆದರು, ತಳ್ಳಿದರು, ಮೂಸಿದರು. ಪ್ರಕಟಣೆ ಹೊರಬಿತ್ತು:

"ಸದರಿ ವಾದ್ಯವನ್ನು ಕೊಳವೆ ಒಳಗಿರುವಾಗ ಟ್ರಂಪೆಟ್ ಎಂದೂ ಹೊರಗಿರುವಾಗ ಟ್ರಾಂಬೋನ್ ಎಂದೂ ಭಾವಿಸತಕ್ಕದ್ದು. ವಾದಕನು ಆಯಾ ಸ್ವರಕ್ಕೆ ಆಯಾ ಸಾಲಿನಲ್ಲಿ ಆಸೀನನಾಗತಕ್ಕದ್ದು. ಓಡತಕ್ಕದ್ದಲ್ಲ."

"ಓಡ್ದೆ ಹೇಗೆ ಸ್ವಾಮಿ?"

"ಅದು ಸಾರಿಗೆ ವಿಭಾಗದ ವಿಷಯ ಕಣಯ್ಯ."

ಸಾರಿಗೆ ವಿಭಾಗ ಗಾಲಿಕುರ್ಚಿ ತರಿಸಿತು. ತಳ್ಳಲು ಒಂದು ಹುದ್ದೆ ಹುಟ್ಟಿತು. ಅರ್ಹತೆ: ಅಭ್ಯರ್ಥಿಯ ಅಕ್ಕ ವ್ಯವಸ್ಥಾಪಕರ ಹೆಂಡತಿಯಾಗಿರತಕ್ಕದ್ದು. ತೀವ್ರ ಪೈಪೋಟಿಯ ನಡುವೆ ಬಂದ ಒಂದೇ ಅರ್ಜಿಯನ್ನು ಆರಿಸಲಾಯಿತು.

ಉದ್ಯಾನದಲ್ಲಿ ಜನ ಇರುವೆಯಂತೆ ನೆರೆದಿದ್ದರು. ವ್ಯವಸ್ಥಾಪಕರ ಭಾವಮೈದುನ ಮೊದಲ ತಳ್ಳಿಗೇ ನನ್ನನ್ನು ಮೀಸೆಯವನ ಬೆನ್ನಿಗೆ ಒಯ್ದ. ಕೊಳವೆಯ ತುದಿ ಅವನ ಕುರ್ಚಿಯ ಹಿಂದಿದ್ದ ಟೋಪಿ ಕೊಕ್ಕೆಗೆ ಸಿಕ್ಕಿಕೊಂಡಿತು. ಭಾವಮೈದುನ ಹಿಂದಕ್ಕೆಳೆದ, ಕೊಳವೆ ತಾನೇ ಚಾಚಿ ಸ್ವರ ಇಳಿಯಿತು. ಮುಂದಕ್ಕೆ ತಳ್ಳಿದ, ಏರಿತು.

"ಬಿಡಿಸ್ಲಾ ಅಜ್ಜಾ?"

"ಮುಟ್ಟಿದ್ರೆ ಕೈ ಮುರೀತೀನಿ. ತಳ್ಳೋ!"

ನನ್ನ ಬಲಗೈ ಮಡಿಲಲ್ಲಿತ್ತು. ನಾನು ಉಸಿರು ಕೊಟ್ಟೆ, ಅವನು ರಾಗ ಕೊಟ್ಟ. ಆ ಹುಡುಗನಿಗೆ ಸಂಗೀತ ಗೊತ್ತಿರಲಿಲ್ಲ, ಆದ್ದರಿಂದ ಹೆದರಿಕೆಯೂ ಇರಲಿಲ್ಲ. ಕೊಳದ ಮೀನುಗಳು ದಡಕ್ಕೆ ಬಂದು ಕೇಳಿದವು. ಬೇಕಾದರೆ ಹೋಗಿ ನೋಡಿ, ಕೊಳ ಇನ್ನೂ ಅಲ್ಲೇ ಇದೆ.

ವರ್ಷದ ಶ್ರೇಷ್ಠ ವಾದಕ ಪ್ರಶಸ್ತಿ ಭಾವಮೈದುನನಿಗೆ ಸಂದಿತು. ಸಮಿತಿ ತನ್ನ ಆದೇಶವನ್ನು ತಿದ್ದಿತು: ಕುರ್ಚಿಯೇ ವಾದ್ಯ, ತಳ್ಳುವವನೇ ವಾದಕ, ಮೀಸೆಯವನು ಕೊಕ್ಕೆಯ ಆಧಾರ, ಊದುವ ಮುದುಕ ಬಿಡಿಭಾಗ.

ಮೀಸೆಯವನು ಮುಖ ಊದಿಸಿಕೊಂಡ. ನಾನು ಮಾತ್ರ ಎದ್ದು ಕೈಮುಗಿದೆ. ಬಿಡಿಭಾಗಗಳಿಗೆ ನಿವೃತ್ತಿಯಿಲ್ಲ, ಸವೆದ ಮೇಲೆ ಬದಲಾಯಿಸುತ್ತಾರೆ, ಅಷ್ಟೇ.

ಈಗ ಎಲ್ಲರೂ ಸುಖವಾಗಿದ್ದೇವೆ. ಉಗ್ರಾಣದವನು ಆಗಾಗ ಬಂದು ಗಾಲಿಗಳಿಗೆ ಎಣ್ಣೆ ಬಿಡುತ್ತಾನೆ. ಮೊನ್ನೆ ನಾನು ಭುಜ ತೋರಿಸಿದೆ. ಅವನು ಆದೇಶ ಓದಿ ನೋಡಿ, ಅಲ್ಲಿಗೂ ಎರಡು ಹನಿ ಬಿಟ್ಟ.