ಅವ್ವನ ಮಂಚಕ್ಕೆ ಗುರಿ ಹಿಡಿದ ಹಡಗು

ನಾನು ಏನನ್ನು ಸರಿಮಾಡಲು ಕೂತರೂ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೆ ಬಿಡುವುದಿಲ್ಲ. ಮಿಕ್ಸರ್ ಆಯಿತು, ಗಡಿಯಾರ ಆಯಿತು, ಈ ಸಲ ಪ್ಲಾಸ್ಟಿಕ್ ಹಡಗು. ಬನಹಟ್ಟಿಯ ಚಿತ್ರಕಲೆ ಮಾಸ್ತರನಾದ ನನಗೆ ಯುದ್ಧದ ಹಡಗು ಜೋಡಿಸುವ ಹುಚ್ಚು ಯಾಕೆ ಹತ್ತಿತೋ, ದೇವರಿಗೇ ಗೊತ್ತು.

೧. ಹಿಂದಿನದು ಮುಂದೆ

ಬಿಡಿಭಾಗಗಳ ಡಬ್ಬಿ ತರಿಸಿ ವಾರಗಟ್ಟಲೆ ಕೂತು ಅಂಟಿಸಿದೆ. ಮುಗಿಸಿ ನೋಡಿದರೆ ಹಿಂದಿನ ತೋಪು ಮುಂದೆ, ಮುಂದಿನದು ಹಿಂದೆ! ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಅದಲುಬದಲು ಮಾಡಿದೆ. ಮತ್ತೆ ತಪ್ಪಿದರೆ ಬಿಚ್ಚಲು ಸುಲಭವಾಗಲೆಂದು ಅಂಟು ಹಚ್ಚದೆ ಬರೀ ತೂತಿನಲ್ಲಿ ಕೂರಿಸಿ, ಹಡಗನ್ನು ಅವ್ವನ ಕೋಣೆಯ ಗೋಡೆಯ ಹಲಗೆಯ ಮೇಲಿಟ್ಟೆ. ಗೋಡೆಯಾಚೆ ಹಗಲುರಾತ್ರಿ ನಡೆಯುವ ಮನೆ ಮಾಲೀಕರ ಮಗ್ಗಗಳು. ಆ ಖಟಖಟಕ್ಕೆ ನಮ್ಮ ಕಿವಿ ಎಂದೋ ಒಗ್ಗಿಹೋಗಿದೆ.

ಬೆಳಿಗ್ಗೆ ಅವ್ವ ಚೀರಿದಳು. ನೇರ ಇಟ್ಟಿದ್ದ ಎರಡೂ ತೋಪುಗಳು ಹೊರಳಿ ಅವಳ ಮಂಚಕ್ಕೆ ಗುರಿ ಹಿಡಿದಿದ್ದವು.

“ಯಾರ ಮುಟ್ಟಿದ್ರೋ ಇದನ್ನ?”

“ಯಾರೂ ಮುಟ್ಟಿಲ್ಲಬೇ.”

ತಿರುಗಿಸಿಟ್ಟೆ. ಮರುದಿನ ನೋಡಿದರೆ ಮತ್ತೆ ಮಂಚಕ್ಕೇ. ಖರೆ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು. ಹೆಂಡತಿ ಮಾತ್ರ ಅತ್ತೆಯನ್ನೊಮ್ಮೆ, ತೋಪನ್ನೊಮ್ಮೆ ನೋಡಿ ನನ್ನ ಕಿವಿಯಲ್ಲಿ, “ಗುರಿ ಛಲೋ ಐತ್ರಿ” ಅಂದಳು.

೨. ಮಂತ್ರಿಸಿದ ಲಿಂಬಿಹಣ್ಣು

ಅವ್ವ ಲಿಂಬಿಹಣ್ಣು ಮಂತ್ರಿಸಿಕೊಂಡು ಬಂದು ಹಡಗಿನ ಮುಂದಿಟ್ಟಳು. ಕೋಣೆಗೆ ಚಿಲಕ ಹಾಕಿದೆವು. ಸಂಜೆ ತೆಗೆದರೆ ಹಣ್ಣು ಹಲಗೆಯ ಮೇಲಿಲ್ಲ. ತಾನೇ ಇಳಿದುಹೋಗಿ ಅವ್ವನ ಮಂಚದ ಕೆಳಗೆ, ಅವಳ ಚಪ್ಪಲಿಯ ಪಕ್ಕ ಕೂತಿತ್ತು.

ಅವ್ವ ಮಂಚದಿಂದ ದೂರ ಸರಿದು ನಿಂತಳು. “ಅಮಾಸಿ ಹತ್ರ ಬಂತು. ಅವತ್ತ ಇದರ ಆಟ ಜೋರ ಆಗ್ತೈತಿ. ಮರುದಿನ ಒಯ್ದು ಹೊಳಿಗೆ ಒಗದ ಬರ್ತೇನಿ, ನೋಡ್ತಿರು!”

ಜನ್ಮದಲ್ಲಿ ನಾನು ಶುರುಮಾಡಿ ಮುಗಿಸಿದ್ದು ಅದೊಂದೇ. ಮೂಲೆಯಲ್ಲಿ ಮುಖ ಇಳಿಬಿಟ್ಟು ಕೂತವನಿಗೆ ಹೆಂಡತಿ ಸಮಾಧಾನ ಹೇಳಿದಳು: “ಹಡಗ ನೀರಿಗಿ ಹೊಂಟ್ರ ಯಾರರ ಅಳ್ತಾರೇನ್ರಿ?”

೩. ಅಮಾಸಿ

ಅಮಾವಾಸ್ಯೆಯ ದಿನ ಓಣಿಗೆ ಓಣಿಯೇ ಸ್ತಬ್ಧ. ಪಕ್ಕದವರ ಉಸಿರೂ ಕೇಳುವಂಥ ಮೌನ. ಬೆಳಗಿನಿಂದ ಮೂವರೂ ಹಡಗಿನ ಮುಂದೆ ಕೂತೆವು. ಅವ್ವನ ಕೈಯಲ್ಲಿ ವಿಭೂತಿ. ತೋಪು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಲುಗದೇ ಇದ್ದದ್ದಕ್ಕೆ ನಮಗೆ ಇನ್ನಷ್ಟು ಭಯ.

ಮಧ್ಯಾಹ್ನ ಒಳಗೆ ಇಣುಕಿದ ಮನೆ ಮಾಲೀಕರು ಸಂಗತಿ ಕೇಳಿ ಬಿದ್ದು ಬಿದ್ದು ನಕ್ಕರು. “ಅಲ್ರೀ ಮಾಸ್ತರ, ನಿಮ್ಮ ಹಲಗಿ ಬಡದದ್ದು ನಮ್ಮ ಮಗ್ಗದ ಗ್ವಾಡಿಗೆ. ಮಗ್ಗ ನಡದ್ರ ಗ್ವಾಡಿ ಅದರತೈತಿ, ಮ್ಯಾಲಿನ ಸಾಮಾನ ಜರಗತಾವ. ಅಮಾಸಿಗೆ ನಾವು ನೇಕಾರ್ರು ಸೂಟಿ ಮಾಡಿ ಮಗ್ಗ ಬಂದ್ ಇಡ್ತೇವಿ. ಅದಕ್ಕ ಇವತ್ತ ಸುಮ್ಮನ ನಿಂತೈತಿ.”

ನನಗೆ ಹೋದ ಜೀವ ಬಂದಂತಾಯಿತು. ನೇಕಾರರ ಮನೆಯಲ್ಲೇ ಹುಟ್ಟಿ ಬೆಳೆದ ಅವ್ವ ಮಾತ್ರ ಹಡಗಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

“ಅಮಾಸಿಗೆ ಸೂಟಿ ಮಾಡ್ತೈತಿ ಅಂದಮ್ಯಾಲೆ ಇದು ನೇಕಾರ್ರ ದೆವ್ವನ! ನಮ್ಮ ಮಂದೀನ ಹೊಳಿಗೆ ಹಾಕಬಾರದಪಾ, ಇರಲಿ ಬಿಡು,” ಎಂದು ಹಡಗಿಗೆ ವಿಭೂತಿ ಹಚ್ಚಿ, ಸೊಸೆಯನ್ನು ಕೂಗಿದಳು:

“ಏ, ಒಂದ ಕಪ್ ಚಾ ಹೆಚ್ಚಿಗಿ ಇಡು. ಹಡಗಿನವಗ ಇವತ್ತ ಸೂಟಿ, ಮನ್ಯಾಗ ಅದಾನ.”