ರೇಡಿಯೋದಲ್ಲಿ ಗಂಡನನ್ನು ಕರೆದವಳು

ಮೈಕಿನ ಮುಂದೆ ಯಾರನ್ನು ಕೂರಿಸಿದರೂ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಒಂದು ರೇಡಿಯೋ ಕೇಂದ್ರದಲ್ಲಿ ಕನ್ನಡ ಕಾರ್ಯಕ್ರಮಗಳ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದೆ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಹೋದರು. ನೆನಪಿನಲ್ಲಿ ನಿಂತವಳು ಮಾತ್ರ ಬಿಜಾಪುರ ಕಡೆಯ ಒಬ್ಬ ಹೆಂಗಸು. ಕಾಂದಿವಲಿಯಲ್ಲಿ ಇಟ್ಟಿಗೆ ಹೊರುತ್ತಿದ್ದಳು, ತನ್ನ ಹಾಡು ತಾನೇ ಕಟ್ಟಿ ಹಾಡುತ್ತಿದ್ದಳು.

ಯಾರಿಗೆ ಹಾಡಲಿ

ಮೊದಲ ದಿನ ಅವಳು ಸ್ಟುಡಿಯೋದ ನಾಲ್ಕೂ ಗೋಡೆ ನೋಡಿದಳು.

"ಇಲ್ಲಿ ಯಾರೂ ಇಲ್ಲಲ್ರೀ, ಯಾರಿಗಂತ ಹಾಡ್ಲಿ?"

"ಸಾವಿರಾರು ಮಂದಿ ಕೇಳ್ತಾರೆ," ಎಂದೆ.

"ಎಲ್ಲಿ ಅದಾರ?"

ಕೊನೆಗೆ ನಮ್ಮ ಪ್ಯೂನ್ ಕಾಕಾನನ್ನು ಎದುರಿಗೆ ಕೂರಿಸಿದೆವು. ಮರಾಠಿಯವನು, ಕನ್ನಡದ ಗಂಧವಿಲ್ಲ. ಅವಳು ತವರಿನ ಬಾವಿಯ ಮೇಲೆ ಹಾಡತೊಡಗಿದಳು. ಎರಡು ನುಡಿ ಮುಗಿಯುವುದರೊಳಗೆ ಕಾಕಾ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಆ ಬಿಕ್ಕಳಿಕೆ ಟೇಪಿನಲ್ಲಿ ಈಗಲೂ ಇದೆ.

"ಏನು ತಿಳೀತು ಅಂತ ಅಳ್ತಿದ್ದೆ ಕಾಕಾ?" ಎಂದು ಮರಾಠಿಯಲ್ಲಿ ಕೇಳಿದೆ.

"ಏನೂ ತಿಳಿಯಲಿಲ್ಲ ಸಾಹೇಬ. ಅದಕ್ಕೇ ಅಳು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ."

ಕತ್ತರಿ

ಊರಿನವರನ್ನು ಒಬ್ಬೊಬ್ಬರನ್ನಾಗಿ ನೆನೆಯುವ ಹಾಡೊಂದನ್ನು ಕಟ್ಟಿಕೊಂಡು ಬಂದಳು. ನಮಗಿದ್ದ ಸಮಯಕ್ಕೆ ಹಾಡು ಉದ್ದವಾಯಿತು. ಒಂದು ನುಡಿ ಬಿಡಲು ಹೇಳಿದೆ.

"ಯಾರನ್ನ ಬಿಡ್ಲಿ? ಮೊದಲನೇದರಾಗ ಅವ್ವ ಅದಾಳ. ಆಮ್ಯಾಲ ತಮ್ಮ. ಆಮ್ಯಾಲ ನಮ್ಮ ಎಮ್ಮಿ." ಅವಳ ಕಣ್ಣಲ್ಲಿ ನೀರು ನಿಂತಿತು. ನನಗೂ ಕುಂದಾಪುರದ ನಮ್ಮ ಮನೆ ನೆನಪಾಯಿತು. ಇರಲಿ, ಹೇಗೋ ಸಮಯ ಹೊಂದಿಸೋಣ ಎನ್ನುವಷ್ಟರಲ್ಲಿ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಅತ್ತೀನ್ನ ಬಿಡ್ರಿ."

ಖಾಲಿಯಾಗದ ಟೇಬಲು

ಅಂಧೇರಿಯಲ್ಲಿ ನಾನು ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನ ಯಜಮಾನರು ಅವಳ ಹಾಡು ಬಂದಾಗ ರೇಡಿಯೋ ಜೋರು ಮಾಡುತ್ತಿದ್ದರು. ಗಿರಾಕಿಗಳು ಬರಿದಾದ ಚಹಾ ಕಪ್ಪು ಹಿಡಿದು ಹಾಗೇ ಕೂರುತ್ತಿದ್ದರು. ಸಪ್ಲಾಯರ್ ಕೂಡ ದೋಸೆಯ ಪ್ಲೇಟು ಕೈಯಲ್ಲಿಟ್ಟುಕೊಂಡು ನಿಂತುಬಿಡುತ್ತಿದ್ದ.

"ಅವಳ ಹಾಡು ಬಾರೀ ಲಾಯ್ಕ ಮಾರಾಯ್ರೆ," ಎಂದರು ಯಜಮಾನರು. "ಆದರೆ ಊಟದ ಹೊತ್ತಿಗೆ ಯಾವುದಾದರೂ ಭಾಷಣ ಹಾಕಿ. ಜನ ಬೇಗ ಏಳುತ್ತಾರೆ."

ಗಂಡ

ಅವಳ ಗಂಡ ಮೊದಲೇ ಮುಂಬಯಿಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದ. ಆ ಕೂಲಿಯವರಿಗೆ ಬಿಲ್ಡಿಂಗ್ ಮುಗಿದರೆ ವಿಳಾಸವೂ ಮುಗಿಯಿತು. ಸುದ್ದಿ ನಿಂತಾಗ ಇವಳೇ ಹುಡುಕಿಕೊಂಡು ಬಂದಳು, ಸಿಗಲಿಲ್ಲ. ಅದನ್ನೇ ಹಾಡು ಕಟ್ಟಿದಳು:

ಬಳಿ ತರತೇನಂತ ಹೋದಾಂವ ಬಯಲಾಗಿ ಹ್ವಾದ,
ರೈಲಿನ ಹಾದಿ ನೋಡಿ ನೋಡಿ ನನ್ನ ಕಣ್ಣ ಹ್ವಾದಾವ.

ಹಾಡು ಪ್ರಸಾರವಾಗಿ ಕೆಲವು ದಿನಗಳಾಗಿದ್ದವು. ಮೈತುಂಬ ಸಿಮೆಂಟಿನ ಧೂಳಿದ್ದ ಒಬ್ಬ ಆಳು ನಮ್ಮ ಆಫೀಸಿಗೆ ಬಂದ. ಘಾಟ್ಕೋಪರಿನಲ್ಲಿ ಗಾರೆ ಕೆಲಸದವನಂತೆ. "ಆ ಹಾಡು ಇನ್ನೊಮ್ಮೆ ಹಾಕ್ರಿ," ಎಂದ. ಹಾಕಿದೆ. ಕಣ್ಣು ಮುಚ್ಚಿ ಕೇಳಿದ.

"ಹಾಡಿನ್ಯಾಗ ಒಂದು ತಪ್ಪೈತ್ರಿ," ಎಂದ ಆಮೇಲೆ. "ನಾ ಬಳಿ ಅಂದಿರಲಿಲ್ಲ, ಸೀರಿ ಅಂದಿದ್ದೆ."

ಆ ಸಂಜೆಯೇ ಅವನನ್ನು ಕಾಂದಿವಲಿಗೆ ಕರೆದುಕೊಂಡು ಹೋದೆ. ಅವಳು ತಲೆಯ ಮೇಲಿನ ಇಟ್ಟಿಗೆ ಇಳಿಸದೆ ನೋಡುತ್ತ ನಿಂತಳು. ಅವನೇ ಒಂದೊಂದಾಗಿ ಇಟ್ಟಿಗೆ ಇಳಿಸಿದ.

ಹಾಡು ಹೆಸರಾಗಿತ್ತು. ಮೊದಲ ಸಲ ಸಮಯ ಸಾಲದೆ ಅರ್ಧಕ್ಕೇ ನಿಲ್ಲಿಸಿದ್ದ ಅದನ್ನು ಪೂರ್ತಿಯಾಗಿ ರೆಕಾರ್ಡ್ ಮಾಡಿಡಬೇಕೆಂದು ನಮ್ಮ ಅಧಿಕಾರಿಗಳು ಅವಳನ್ನು ಮತ್ತೆ ಕರೆಸಿದರು. ಗಂಡ ಹೆಂಡತಿ ಜೊತೆಯಾಗಿ ಬಂದರು. ಒಂದು ಸಾಲು ಹಾಡಿ ನಕ್ಕುಬಿಟ್ಟಳು.

"ಬಾಜೂಕ ಕುಂತಾನ್ರಿ. ಬಯಲಾಗಿ ಹ್ವಾದ ಅಂತ ಹೆಂಗ ಹಾಡ್ಲಿ?"

ಅಧಿಕಾರಿಗಳು ಗಂಡನನ್ನು ಹೊರಗೆ ಕಳಿಸಿದರು. ಅವಳು ಎರಡು ಸಾಲು ಹಾಡಿ ಬಾಗಿಲು ನೋಡಿದಳು. "ಅಂವ ಅಲ್ಲೇ ಅದಾನಲ್ರೀ?" ಹಾಡು ಮುಂದೆ ಹೋಗಲಿಲ್ಲ. ಧ್ವನಿಯಲ್ಲಿ ಆ ಹಳೆಯ ನೋವೂ ಇರಲಿಲ್ಲ.

ಅಧಿಕಾರಿಗಳು ಬೇಸತ್ತು ಹೊರಗೆ ಬಂದರು. "ನೋಡಪ್ಪ, ನೀನು ಇಲ್ಲಿದ್ದರೆ ಹಾಡು ಬರೋದಿಲ್ಲ. ಒಂದಷ್ಟು ದಿನ ಎಲ್ಲಾದರೂ ದೂರ ಹೋಗಿ ಬರ್ತೀಯಾ?"

ಅವನು ಅಂಜುತ್ತಲೇ ಕೈ ಮುಗಿದ.

"ಹೋಗ್ತೇನ್ರಿ ಸಾಹೇಬ್ರ. ಆದ್ರ ಆಕೀನ್ನೂ ಕರ್ಕೊಂಡ ಹೋಗ್ತೇನಿ."